ಜೀತದಿಂದ, ಮಾನವ ಕಳ್ಳಸಾಗಣೆಯಿಂದ ಹೊರಬಂದವರಿಗೆ ಉಚಿತ ಸೇವೆಗಳು: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ನೆರವಿಗೆ ನಿಲ್ಲುವವರಿಗಾಗಿ ಒಂದು ವಿಮರ್ಶೆ

ಇಟ್ಟಿಗೆ ಗೂಡಿನಿಂದಲೋ ಕಲ್ಲು ಕ್ವಾರಿಯಿಂದಲೋ ರೇಷ್ಮೆ ಬಿಚ್ಚಾಣಿಕೆ ಘಟಕದಿಂದಲೋ ಒಂದು ಕುಟುಂಬ ಹೊರಬಂದಾಗ ಮೊದಲು ಜೊತೆಗೆ ನಿಲ್ಲುವವರು ಆಶಾ ಕಾರ್ಯಕರ್ತೆ, ಆಸ್ಪತ್ರೆಯ ನರ್ಸ್, ಇಲ್ಲವೇ ಊರಿನ ಸಂಘದವರು. ಇವರ ಕೈಗೆಟಕುವ ಸೇವೆಗಳು ಐದಾರು ಇವೆ, ಎಲ್ಲವೂ ಉಚಿತ. ಯಾವುದನ್ನು ಮೊದಲು ಹಿಡಿಯುತ್ತೇವೆ ಎಂಬುದರ ಮೇಲೆ ಮಿಕ್ಕವುಗಳ ಉಪಯೋಗ ನಿಂತಿದೆ.

ನಮ್ಮ ಲೆಕ್ಕದಲ್ಲಿ ಮೊದಲನೆಯದು ಕಾನೂನು ಸೇವಾ ಪ್ರಾಧಿಕಾರ. ಸಹಾಯವಾಣಿ 15100. ಮುಳಬಾಗಿಲು, ಗೌರಿಬಿದನೂರು, ಪಾವಗಡದಂಥ ಕಡೆ ತಾಲ್ಲೂಕು ಸಮಿತಿಯನ್ನೇ ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಳ್ಳಸಾಗಣೆಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ ವಕೀಲರ ನೆರವು ಕೊಡಲು ಆದಾಯ ಮಿತಿ ಇಲ್ಲ. ಯಾರಾದರೂ ಆದಾಯ ಪ್ರಮಾಣಪತ್ರ ಕೇಳಿದರೆ ಈ ಸೆಕ್ಷನ್ ತೋರಿಸಿ. ವಕೀಲರು ಮೊದಲ ದಿನವೇ ಜೊತೆಗಿದ್ದರೆ ಹೇಳಿಕೆ ನೆಟ್ಟಗೆ ದಾಖಲಾಗುತ್ತದೆ. ಮುಂದಿನದೆಲ್ಲ ನಿಂತಿರುವುದು ಆ ಹೇಳಿಕೆಯ ಮೇಲೆಯೇ.

ಹೆಚ್ಚು ಕೈಕೊಡುವ ಜಾಗ ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಬಿಡುಗಡೆಯಾದವರು ಎಂದು ಅಧಿಕಾರಿ ಬರೆದುಕೊಡುವ ಪತ್ರ. ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಪಾವಗಡದವರಾದರೆ ಮಧುಗಿರಿ ಉಪವಿಭಾಗ. ಅರ್ಜಿಯಲ್ಲಿ ಬರೀ "ಕೂಲಿ ಕೊಟ್ಟಿಲ್ಲ" ಎಂದಿದ್ದರೆ ಅದು ಕೂಲಿ ತಕರಾರಾಗಿ ಕಾರ್ಮಿಕ ಇಲಾಖೆಗೆ ಹೋಗುತ್ತದೆ, ಜೀತದ ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮುಂಗಡ ಎಷ್ಟು, ಕೊಟ್ಟವರು ಯಾರು, ವಾರಕ್ಕೆ ಕೈಗೆ ಬಂದದ್ದೆಷ್ಟು, ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡುತ್ತಿದ್ದರೋ, ಸಂತೆಗೆ ಹೋದರೆ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದರೋ, ಎಲ್ಲವನ್ನೂ ಅವರದೇ ಮಾತಿನಲ್ಲಿ ಬರೆಸಿ. ಕರೆತಂದ ಮೇಸ್ತ್ರಿ ಯಾರು, ಏನು ಹೇಳಿ ಕರೆತಂದ ಎಂಬುದೂ ಬೇಕು. ಮಾನವ ಕಳ್ಳಸಾಗಣೆಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ನಿಲ್ಲುವುದು ಇದರಿಂದಲೇ. "ಒಪ್ಪಿಯೇ ಬಂದರಲ್ಲ" ಎನ್ನುವವರಿಗೆ ಉತ್ತರವೂ ಅದೇ ಸೆಕ್ಷನ್‌ನಲ್ಲಿದೆ: ಕಳ್ಳಸಾಗಣೆ ನಡೆದಿದೆಯೇ ಎಂದು ತೀರ್ಮಾನಿಸುವಾಗ ಒಪ್ಪಿಗೆ ಲೆಕ್ಕಕ್ಕಿಲ್ಲ.

ಇನ್ನೊಂದು ತಪ್ಪು ತುಂಬ ದುಬಾರಿ. ಮುಂಗಡ ಗಂಡನ ಹೆಸರಲ್ಲಿದೆ ಎಂದು ಪತ್ರವನ್ನೂ ಅವನೊಬ್ಬನಿಗೇ ಕೊಡುವುದು. ಇಟ್ಟಿಗೆ ಕೊಯ್ದವಳು ಹೆಂಡತಿ, ಹಸಿ ಇಟ್ಟಿಗೆ ಮಗುಚಿದ್ದು ಮಕ್ಕಳು. ದುಡಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಕೇಳಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ ಹೆಂಗಸರು, ಮಕ್ಕಳಿಗೆ 3 ಲಕ್ಷ ರೂಪಾಯಿ. ತಕ್ಷಣದ ನೆರವು 30,000 ರೂಪಾಯಿವರೆಗೆ, ಅದಕ್ಕೆ ಶಿಕ್ಷೆಯ ತೀರ್ಪು ಕಾಯಬೇಕಿಲ್ಲ. ದೊಡ್ಡ ಮೊತ್ತ ಪ್ರಕರಣ ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಯೋಜನೆಯ ದೊಡ್ಡ ಕೊರತೆಯೇ ಇದು. ವರ್ಷಗಟ್ಟಲೆ ಕಾದ ಮನೆಯವರು ಮತ್ತೆ ಮುಂಗಡಕ್ಕೆ ಕೈಯೊಡ್ಡುತ್ತಾರೆ. ಬ್ಯಾಂಕ್ ಖಾತೆ ಹೆಂಗಸಿನ ಹೆಸರಲ್ಲೇ ಇರಲಿ.

ಸಾಲದ ಅಳುಕನ್ನೂ ಅವತ್ತೇ ಬಿಡಿಸಿ ಹೇಳಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಜೀತದ ಸಾಲ ರದ್ದಾಗಿದೆ. ಅದನ್ನು ವಸೂಲಿ ಮಾಡಿದವರಿಗೆ 3 ವರ್ಷದವರೆಗೆ ಜೈಲು. ಇದು ತಿಳಿಯದೆ ಊರಿಗೆ ಹೋದ ಮೇಲೂ ಕಂತು ಕಟ್ಟುವವರಿದ್ದಾರೆ.

ಸಖಿ ಕೇಂದ್ರ, ಸಹಾಯವಾಣಿ 181: ಹೆಂಗಸರಿಗೆ ಒಳ್ಳೆಯ ಮೊದಲ ತಾಣ. ಪೊಲೀಸ್, ವೈದ್ಯರು, ವಕೀಲರು, ಆಪ್ತಸಮಾಲೋಚನೆ, ಐದು ದಿನದವರೆಗೆ ತಂಗುವ ವ್ಯವಸ್ಥೆ. ಗಂಡಸರಿಗೆ ಜಾಗವಿಲ್ಲ, ಹಾಗಾಗಿ ಕುಟುಂಬ ಒಡೆಯುತ್ತದೆ. ಒಡೆಯುತ್ತದೆಂದು ಗೊತ್ತಾದರೆ ಬಹಳ ಮಂದಿ ಬರುವುದೇ ಇಲ್ಲ. ಇಡೀ ಮನೆಗೆ ತಂಗುವ ಜಾಗವನ್ನು ಉಪವಿಭಾಗಾಧಿಕಾರಿಗೆ ಕೊಡುವ ಅದೇ ಅರ್ಜಿಯಲ್ಲೇ ಕೇಳಿ. ಒಂಟಿ ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, 24 ಗಂಟೆಯೊಳಗೆ ಅವರನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಹೊರಬಂದವರ ಮಾತು ಕನ್ನಡವೇ ಆಗಿರಬೇಕಿಲ್ಲ: ಬಾಗೇಪಲ್ಲಿ, ಪಾವಗಡ ಕಡೆ ತೆಲುಗು, ದೂರದವರಾದರೆ ಒಡಿಯಾ. ಭಾಷೆ ಗೊತ್ತೆಂದು ಮೇಸ್ತ್ರಿಯ ಕಡೆಯವರನ್ನೇ ದುಭಾಷಿಯಾಗಿ ಕೂರಿಸಿದರೆ ಹೇಳಿಕೆ ಅಲ್ಲೇ ಸತ್ತಂತೆ. ಏನಾಯಿತೆಂದು ಪ್ರತಿ ಕಚೇರಿಯಲ್ಲೂ ಹೊಸದಾಗಿ ಹೇಳಿಸಬೇಡಿ. ಒಮ್ಮೆ ಬರೆದದ್ದರ ನಕಲು ಕೊಡಿ, ಬಿಟ್ಟುಹೋದದ್ದಷ್ಟನ್ನೇ ಕೇಳಿ. ನೆರವು ಕೊಡುವಾಗ ಫೋಟೊ ಬೇಡ. ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧವೇ. ನಿದ್ದೆ ಬಾರದವರಿಗೆ, ಬೆಚ್ಚಿಬೀಳುವವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೇ ಸಿಗುತ್ತದೆ. ಮೇಸ್ತ್ರಿಗೆ ಗೊತ್ತಿರುವ ನಂಬರಿಗೆ ಅವನ ಕರೆಗಳು ಬರುತ್ತಲೇ ಇರುತ್ತವೆ, ನಿಮ್ಮ ಫೋನಿನಿಂದ ಮಾತಾಡಿಸಿ.

ಬೇರೆ ಜಿಲ್ಲೆಯವರಾದರೆ ಬಸ್ ಹತ್ತಿಸುವ ಮುನ್ನ ಮೂಲ ಬಿಡುಗಡೆ ಪತ್ರ ಅವರ ಕೈಯಲ್ಲಿರಲಿ, ಎರಡು ನಕಲು ವಕೀಲರ ಬಳಿ ಇರಲಿ. ಅವರ ಊರಿನ ಜಿಲ್ಲಾಡಳಿತಕ್ಕೆ ಹೋದ ಪತ್ರದ ಸಂಖ್ಯೆಯನ್ನು ಬಿಡುಗಡೆ ಪತ್ರದ ಹಿಂಬದಿಯಲ್ಲೇ ಬರೆದುಕೊಡಿ.