ಒಂದಡಿ ಪೆಟ್ಟಿಗೆಯ ಜೊತೆ 13 ವರ್ಷ: ರೋಜರ್ಸ್ ಎಲ್‌ಎಸ್3/5ಎ ಸ್ಪೀಕರ್

ಮೊದಲೇ ಹೇಳಿಬಿಡುತ್ತೇನೆ. ಮನೆ ನಡುಗುವಂಥ ಸದ್ದು ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಡೊಳ್ಳಿನ ಏಟು ಎದೆಗೆ ಬಡಿಯಬೇಕು ಅಂದರೂ ಆಗುವುದಿಲ್ಲ. ಆದರೆ ಒಬ್ಬ ಮನುಷ್ಯ ಎದುರಿಗೆ ಕೂತು ಮಾತಾಡಿದ ಹಾಗೆ, ಹಾಡಿದ ಹಾಗೆ ಕೇಳಬೇಕೇ? ಹಾಗಿದ್ದರೆ ಮುಂದೆ ಓದಿ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 2012ರಲ್ಲಿ ಇಲ್ಲೇ ಹತ್ತಿರದ ಊರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ವಯಸ್ಸಾದವರೊಬ್ಬರಿಂದ ಈ ಜೋಡಿ ತಂದೆ. 1970ರ ದಶಕದ ಕೊನೆಯ ರೋಜರ್ಸ್, 15 ಓಮ್‌ನದು (ಓಮ್ ಅಂದರೆ ಆಂಪ್ಲಿಫೈಯರಿಗೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ). ಸುಮಾರು 1,000 ಪೌಂಡ್ ಕೊಟ್ಟೆ. ಹೆಂಡತಿ ನೋಡಿ "ಇಷ್ಟು ಪುಟ್ಟದಕ್ಕಾ?" ಅಂದಳು. ಅವಳದ್ದೇನೂ ತಪ್ಪಿಲ್ಲ. ಎತ್ತರ ಒಂದಡಿ, ಅಗಲ ಏಳೂವರೆ ಇಂಚು, ತೂಕ ಒಂದೊಂದೂ ಐದು ಕಿಲೋ ಚಿಲ್ಲರೆ.

ಇದು ಮನೆಗೆಂದು ಮಾಡಿದ್ದೇ ಅಲ್ಲ. ಬಿಬಿಸಿಯವರು ಹೊರಗಡೆ ಪ್ರಸಾರಕ್ಕೆ ಹೋಗುವ ತಮ್ಮ ವ್ಯಾನುಗಳಿಗೆಂದು 1970ರ ದಶಕದಲ್ಲಿ ತಾವೇ ರೂಪಿಸಿದ್ದು. ವ್ಯಾನಿನೊಳಗೆ ಜಾಗ ಇಲ್ಲ. ಕೂತವನ ಮೂಗಿನ ಹತ್ತಿರವೇ ಸ್ಪೀಕರ್. ಅವನು ಕೇಳಬೇಕಾದದ್ದು ಮುಖ್ಯವಾಗಿ ಮಾತು. ಉದ್ಘೋಷಕನ ದನಿ ಮೂಗಿನಿಂದ ಬರುತ್ತಿದೆಯಾ, ಮೈಕ್ ಸರಿಯಾಗಿದೆಯಾ, ಅಷ್ಟು ಗೊತ್ತಾಗಬೇಕು. ಹೆಸರಿನಲ್ಲಿರುವ 3 ಅಂದರೆ ಹೊರಗಿನ ಪ್ರಸಾರದ ವರ್ಗ, ಕೊನೆಯ ಎ ಅಂದರೆ ತಿದ್ದಿದ ಮಾದರಿ. ಬಿಬಿಸಿ ಲೈಸೆನ್ಸ್ ಕೊಟ್ಟು ಹೊರಗಿನ ಕಂಪನಿಗಳಿಂದ ಇದನ್ನು ಮಾಡಿಸಿತು. ರೋಜರ್ಸ್, ಚಾರ್ಟ್‌ವೆಲ್, ಸ್ಪೆಂಡಾರ್, ಹಾರ್ಬೆತ್ ಹೀಗೆ ಹಲವರು ಮಾಡಿದರು. ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಅಡುಗೆ ಒಂದೇ.

ಆ ಅಡುಗೆಮನೆಯನ್ನು ನಾನು ಸ್ಕ್ರೂ ಬಿಚ್ಚಿ ನೋಡಿದ್ದೇನೆ. ಪೆಟ್ಟಿಗೆ ಬರ್ಚ್ ಪ್ಲೈವುಡ್, ದಪ್ಪ ಬರೀ 12 ಮಿಲಿಮೀಟರ್. ನಾನಾದರೆ ಇನ್ನೂ ದಪ್ಪ ಹಲಗೆ ಹಾಕುತ್ತಿದ್ದೆ ಅನ್ನಿಸಿತ್ತು. ಬಿಬಿಸಿಯವರ ಲೆಕ್ಕವೇ ಬೇರೆ. ಹಲಗೆ ತೆಳ್ಳಗಿರಲಿ, ಅದಕ್ಕೆ ಒಳಗಿನಿಂದ ಡಾಂಬರಿನಂಥ ಭಾರದ ಹಾಳೆ ಅಂಟಿಸಿದರೆ ಹಲಗೆಯ ಝೇಂಕಾರ ಅಲ್ಲೇ ಸಾಯುತ್ತದೆ. ದಪ್ಪ ಹಲಗೆಯೂ ನಡುಗುತ್ತದೆ, ಆದರೆ ಅದರ ನಡುಕ ಮನುಷ್ಯನ ದನಿ ಇರುವ ಜಾಗಕ್ಕೇ ಬಂದು ಕೂರುತ್ತದೆ. ಮೃದಂಗಕ್ಕೆ ಕರಣೆ ಹಾಕಿ ನಾದ ಪಳಗಿಸುತ್ತಾರಲ್ಲ, ನನಗೆ ಅದೇ ನೆನಪಾಯಿತು. ಮೂಲೆಗಳಲ್ಲಿ ಬೀಚ್ ಮರದ ಪಟ್ಟಿ, ಗೋಡೆಗೆಲ್ಲ ಫೋಮ್. ಗಾಳಿ ಹೋಗಲು ತೂತಿಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ.

ಸದ್ದು ಮಾಡುವ ಎರಡು ಭಾಗಗಳೂ ಕೆಂಟ್ ಸೀಮೆಯ ಮೇಡ್‌ಸ್ಟೋನ್‌ನ ಕೆಇಎಫ್ ಕಂಪನಿಯವು. ಕೆಳಗಿನದು ಬಿ110, ಐದು ಇಂಚಿನದು. ಅದರ ಶಂಕು ಕಾಗದದ್ದಲ್ಲ, ಬೆಕ್ಸ್‌ಟ್ರೀನ್ ಅನ್ನುವ ಪ್ಲಾಸ್ಟಿಕ್. ಅಂಚು ರಬ್ಬರಿನದು. ಅದೇ ಕಾಲದ ಎಷ್ಟೋ ಅಮೆರಿಕನ್ ಸ್ಪೀಕರುಗಳ ಫೋಮ್ ಅಂಚು ಪುಡಿಪುಡಿಯಾಗಿದೆ, ಇದು ಇನ್ನೂ ಗಟ್ಟಿಯಾಗಿದೆ. ಇದನ್ನು ಮುಂದಿನ ಹಲಗೆಗೆ ಹಿಂದಿನಿಂದ ಕೂರಿಸಿದ್ದಾರೆ. ತೆಗೆಯಬೇಕಾದರೆ ಬೆನ್ನಿನ ಹಲಗೆ ಬಿಚ್ಚಲೇಬೇಕು. ಮೇಲಿನದು ಟಿ27 ಟ್ವೀಟರ್, ಅಂದರೆ ಎತ್ತರದ ಸ್ವರಗಳನ್ನು ನುಡಿಸುವ ಭಾಗ, 19 ಮಿಲಿಮೀಟರಿನ ಪುಟ್ಟ ಗುಮ್ಮಟ. ಅದರ ಸುತ್ತ ದಪ್ಪ ಫೆಲ್ಟ್ ಪಟ್ಟಿ. ಅಮ್ಮ ಮೈಸೂರಿನಿಂದ ಬಂದಿದ್ದಾಗ ಮುಂದಿನ ಬಟ್ಟೆ ತೆಗೆದು ಧೂಳು ಒರೆಸುತ್ತಾ, "ಇದೇನೋ ಇದು, ಕಂಬಳಿ ಚೂರು ಅಂಟಿಸಿದಾರೆ? ಕಿತ್ತು ಹಾಕ್ಲಾ?" ಅಂದಳು. ನಾನು ಅಡುಗೆಮನೆಯಿಂದ ಓಡಿಬಂದೆ. ಪೆಟ್ಟಿಗೆಯ ಅಂಚಿಗೆ ಬಡಿದು ಚದುರುವ ಸದ್ದನ್ನು ನುಂಗುವುದು ಆ ಕಂಬಳಿ ಚೂರೇ.

ನಾನು ಜಾಸ್ತಿ ಪಾಠ ಕಲಿತದ್ದು ಒಳಗಿನ ಕ್ರಾಸ್‌ಓವರ್‌ನಿಂದ (ತಗ್ಗು ಸ್ವರ, ಎತ್ತರದ ಸ್ವರ ಬೇರೆ ಮಾಡಿ ಎರಡು ಭಾಗಗಳಿಗೆ ಹಂಚುವ ಸರ್ಕ್ಯೂಟ್), ಅದೂ ನನ್ನದೇ ತಪ್ಪಿನಿಂದ. 2017ರಲ್ಲಿ ಮಗನ ಹುಟ್ಟುಹಬ್ಬಕ್ಕೆ ಸಿನಿಮಾ ಹಾಡು ಹಾಕಿ ವಾಲ್ಯೂಮ್ ಏರಿಸುತ್ತಾ ಹೋದೆ. ಇದರ ಸಂವೇದನೆ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು, ಸುಮಾರು 82.5 ಡೆಸಿಬಲ್, ತುಂಬಾ ಕಡಿಮೆ. ಆಂಪ್ಲಿಫೈಯರ್ ಏದುಸಿರು ಬಿಡತೊಡಗಿತು, ಬಲಗಡೆಯ ಟ್ವೀಟರ್ ಸುಟ್ಟುಹೋಯಿತು. ಒಂದು ರಿಪೇರಿ ಅಂಗಡಿಯಲ್ಲಿ ಇನ್ನೊಂದು ಹಳೇ ಟಿ27 ಹಾಕಿಸಿದೆ. ಸದ್ದೇನೋ ಬಂತು. ಆದರೆ ಹಾಡುವವರು ನಡುವೆ ಕೂರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಆಲಾಪ ಹಾಕಿದರೆ ದನಿ ಸ್ವಲ್ಪ ಎಡಕ್ಕೆ ಸರಿದು, ತಾರಕ್ಕೆ ಹೋದಾಗ ಇನ್ನೂ ಸರಿಯುತ್ತಿತ್ತು. ಅಂಗಡಿಯವರು "ನಿಮ್ಮ ಕಿವಿ ನೋಡಿಸಿಕೊಳ್ಳಿ" ಅಂತ ನಕ್ಕರು. ಎಂಟು ತಿಂಗಳು ಕುರ್ಚಿಯನ್ನೇ ಆಚೆ ಈಚೆ ಸರಿಸುತ್ತಾ ಕಳೆದೆ.

ಕೊನೆಗೆ ಇಂಥವನ್ನೇ ಮುಟ್ಟಿ ಪಳಗಿದ ಒಬ್ಬರು ಬೆನ್ನು ಬಿಚ್ಚಿ ತೋರಿಸಿದರು. ಕ್ರಾಸ್‌ಓವರ್‌ನಲ್ಲಿ ಟ್ವೀಟರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇದೆ, ಅದಕ್ಕೆ ಹಲವು ಟ್ಯಾಪ್‌ಗಳು, ಅಂದರೆ ಸದ್ದಿನ ಮಟ್ಟ ಹೆಚ್ಚು ಕಡಿಮೆ ಮಾಡಲು ತಂತಿ ಸೇರಿಸುವ ಬೇರೆ ಬೇರೆ ತುದಿಗಳು. ಕಾರ್ಖಾನೆಯಲ್ಲಿ ಒಂದೊಂದು ಟ್ವೀಟರಿನ ಜೋರು ಅಳೆದು, ಅದಕ್ಕೆ ತಕ್ಕ ಟ್ಯಾಪ್ ಆರಿಸಿ ಬೆಸುಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಟ್ವೀಟರ್ ಸ್ವಲ್ಪ ಮೆತ್ತಗಿನದು, ಟ್ಯಾಪ್ ಮಾತ್ರ ಹಳೆಯದೇ. ಒಂದು ತಂತಿ ಬಿಚ್ಚಿ ಪಕ್ಕದ್ದಕ್ಕೆ ಹಾಕಿದರು. ಇಪ್ಪತ್ತು ನಿಮಿಷದ ಕೆಲಸ. ಮನ್ಸೂರರು ಮತ್ತೆ ನಡುವೆ ಬಂದು ಕೂತರು, ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟು ಹತ್ತಿರ.

ಹಳೇ ಜೋಡಿ ಕೊಳ್ಳುವವರು ಅದಕ್ಕೇ ಎರಡೂ ಪೆಟ್ಟಿಗೆಯ ಸೀರಿಯಲ್ ನಂಬರ್ ಜೋಡಿಯದೇನಾ ಅಂತ ನೋಡಿ. ಒಳಗೆ ಯಾರಾದರೂ ಕೈಯಾಡಿಸಿದ್ದಾರಾ ಕೇಳಿ. 1987ರ ಹೊತ್ತಿಗೆ ಕ್ರಾಸ್‌ಓವರ್ ಬದಲಾಗಿ 11 ಓಮ್ ಮಾದರಿ ಬಂತು, ಅದೂ ಒಳ್ಳೆಯದೇ. 15 ಓಮ್ ಅನ್ನೋ ಒಂದೇ ಕಾರಣಕ್ಕೆ ಜಾಸ್ತಿ ದುಡ್ಡು ಸುರಿಯುವುದು ಸುಮ್ನೆ ಹುಚ್ಚು. ಹಳೆಯದರ ತಂಟೆಯೇ ಬೇಡ ಅನ್ನುವವರಿಗೆ ಫಾಲ್ಕನ್ ಅಕೌಸ್ಟಿಕ್ಸ್ ಇದೇ ಮಾದರಿಯನ್ನು ಹೊಸದಾಗಿ ಮಾಡುತ್ತದೆ. ಅದರ ಸ್ಥಾಪಕ ಮಾಲ್ಕಮ್ ಜೋನ್ಸ್ ಅವರೇ ಹಿಂದೆ ಕೆಇಎಫ್‌ನಲ್ಲಿದ್ದಾಗ ಈ ಬಿ110, ಟಿ27 ರೂಪಿಸಿದವರು.

ಇನ್ನು ಬಾಸ್, ಅಂದರೆ ತಗ್ಗು ಸ್ವರಗಳ ವಿಷಯ. 100 ಹರ್ಟ್ಜ್‌ಗಿಂತ ಸ್ವಲ್ಪ ಮೇಲೆ ಬೇಕೆಂದೇ ಒಂದು ಸಣ್ಣ ಉಬ್ಬು ಇಟ್ಟಿದ್ದಾರೆ, ಅಲ್ಲಿ ಸದ್ದು ತುಸು ಜೋರು. ಪೆಟ್ಟಿಗೆ ಇರುವುದಕ್ಕಿಂತ ದೊಡ್ಡದು ಅಂತ ಕಿವಿಗೆ ಅನ್ನಿಸುತ್ತದೆ. ವೀಣೆಯ ಮಂದ್ರ, ತಂಬೂರಿ ಎಲ್ಲಾ ತುಂಬಿಕೊಂಡೇ ಕೇಳುತ್ತವೆ. ತಬಲಾದ ಎಡಗೈ ಅರ್ಧ ಸಿಗುತ್ತದೆ, ಇನ್ನರ್ಧ ನಾವೇ ಊಹಿಸಿಕೊಳ್ಳಬೇಕು. ಗೋಡೆಗೆ ಒತ್ತಿ ಇಟ್ಟರೆ ಆ ಉಬ್ಬು ಗೊಗ್ಗರಾಗುತ್ತದೆ. ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಎರಡು ಮೂರು ಅಡಿ ಮುಂದೆ ಇಡಿ. ಕಪಾಟಿನಲ್ಲಿ ತೂರಿಸಬೇಡಿ.

ಬೆಂಗಳೂರಿನ ಗೆಳೆಯ ಒಬ್ಬ ತರಿಸಿಕೊಳ್ಳಲಾ ಅಂತ ಕೇಳಿದ. ಅವನ ಹಾಲ್ ದೊಡ್ಡದು, ಕಿಟಕಿ ರಸ್ತೆಗೆ, ತಲೆಯ ಮೇಲೆ ಫ್ಯಾನ್. ಬೇಡ ಕಣೋ ಅಂದೆ. ಚಿಕ್ಕ ಕೋಣೆ, ರಾತ್ರಿ ಒಂಬತ್ತರ ಮೇಲೆ, ಆರೇಳು ಅಡಿ ದೂರದಲ್ಲಿ ಒಬ್ಬನೇ ಕೂತು ಕೇಳುವವನಿಗೆ ಮಾತ್ರ ಇದು.

ಈಗ ಇರುವ ತೊಂದರೆ ಒಂದೇ. ಎಡಗಡೆಯ ಮುಂದಿನ ಬಟ್ಟೆ ಒಂದು ಮೂಲೆಯಲ್ಲಿ ಕಿತ್ತುಬಂದಿದೆ. ಅದು ಟೈಗನ್ ಅನ್ನುವ ಹೆಣಿಗೆ, ಸದ್ದಿನ ಲೆಕ್ಕದಲ್ಲಿ ಅದೂ ಸೇರಿದೆ. ಹೆಂಡತಿ ಹಳೇ ಸೀರೆಯಲ್ಲಿ ಚೆನ್ನಾಗಿರೋ ತುಂಡು ಕೊಡ್ತೀನಿ ಅಂತಾಳೆ. ಸದ್ಯಕ್ಕೆ ಬಲಗಡೆ ಕೂತವರಿಗೆ ಕಾಣದ ಹಾಗೆ ತಿರುಗಿಸಿ ಇಟ್ಟಿದ್ದೇನೆ.