ಸ್ಮಾರ್ಟ್ ತೂಕದ ಯಂತ್ರ: ಕಿಲೋ ನಂಬಿ, ಆದರ್ಶ ತೂಕ ನೀವೇ ಲೆಕ್ಕ ಹಾಕಿ

ಗಾಜಿನ ಹಲಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿ, ಮೊಬೈಲಿಗೆ ಬ್ಲೂಟೂತ್ ಸಂಪರ್ಕ. ಇಂಥ ತೂಕದ ಯಂತ್ರಗಳು ಈಗ ಎರಡು ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ಹತ್ತಿ ನಿಂತರೆ ತೂಕದ ಜೊತೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ), ಕೊಬ್ಬಿನ ಪ್ರಮಾಣ, ಸ್ನಾಯು, ಮೂಳೆ, ನೀರು, ‘ದೇಹದ ವಯಸ್ಸು’ ಎಂದು ಹತ್ತಾರು ಅಂಕಿಗಳು ಆ್ಯಪಿನಲ್ಲಿ ಮೂಡುತ್ತವೆ. ಕೊನೆಗೆ ‘ನಿಮ್ಮ ಆದರ್ಶ ತೂಕ ಇಷ್ಟು’ ಎಂಬ ತೀರ್ಪು. ಜನ ಊಟ ಬಿಡುವುದು, ಜಿಮ್ ಸೇರುವುದು ಆ ತೀರ್ಪನ್ನು ನೋಡಿ. ಆದ್ದರಿಂದ ಅದು ಎಲ್ಲಿಂದ ಬರುತ್ತದೆ, ಎಷ್ಟು ನಂಬಬಹುದು ಎಂಬುದನ್ನೇ ಈ ವಿಮರ್ಶೆಯಲ್ಲಿ ಮುಖ್ಯವಾಗಿ ನೋಡಿದ್ದೇವೆ.

ಮೊದಲು ಒಳ್ಳೆಯ ಮಾತು. ತೂಕ ಅಳೆಯುವ ಕೆಲಸವನ್ನು ಈ ಯಂತ್ರಗಳು ಚೆನ್ನಾಗಿಯೇ ಮಾಡುತ್ತವೆ. ನಾಲ್ಕು ಮೂಲೆಯ ಕಾಲುಗಳೊಳಗೆ ಒಂದೊಂದು ಲೋಡ್ ಸೆಲ್ ಇರುತ್ತದೆ. ಭಾರ ಬಿದ್ದಾಗ ಲೋಹ ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗುವಿಕೆಯೇ ಕಿಲೋ ಆಗಿ ಕಾಣುತ್ತದೆ. ನಾಲ್ಕೂ ಕಾಲು ಗಟ್ಟಿ ನೆಲದ ಮೇಲೆ ಸಮನಾಗಿ ಕೂತಿರಬೇಕು. ಚಾಪೆ, ಕಾರ್ಪೆಟ್ ಮೇಲೆ ಇಟ್ಟರೆ ಯಂತ್ರದ ಹೊಟ್ಟೆ ನೆಲಕ್ಕೆ ತಾಗಿ ತೂಕ ಕಡಿಮೆ ತೋರಿಸುತ್ತದೆ. ಟೈಲ್ಸ್ ಸಂದಿನ ಮೇಲೆ ಒಂದು ಕಾಲು ಕೂತರೂ ಅಂಕಿ ಓಲಾಡುತ್ತದೆ. ಜಾಗ ಬದಲಿಸಿದ ಮೇಲೆ ಒಮ್ಮೆ ಕಾಲಿನಿಂದ ಒತ್ತಿ, ಸೊನ್ನೆಗೆ ಬರಲು ಬಿಟ್ಟು, ಆಮೇಲೆ ಹತ್ತಿ. ಸರಿಯಾಗಿದೆಯೇ ಎಂದು ನೋಡಲು ಸುಲಭ ದಾರಿ ಇದೆ: ಮೊದಲು ನೀವೊಬ್ಬರೇ ನಿಂತು ಅಂಕಿ ಬರೆದುಕೊಳ್ಳಿ, ನಂತರ ಒಡೆಯದ 5 ಕಿಲೋ ಅಕ್ಕಿ ಚೀಲ ಹಿಡಿದು ನಿಲ್ಲಿ. ವ್ಯತ್ಯಾಸ 4.9ರಿಂದ 5.1ರೊಳಗೆ ಇದ್ದರೆ ಮನೆ ಬಳಕೆಗೆ ಸಾಕು.

ತಪ್ಪು ಶುರುವಾಗುವುದು ಎತ್ತರ ನಮೂದಿಸುವಲ್ಲಿ. ಎಷ್ಟೋ ಜನ 5 ಅಡಿ 11 ಅಂಗುಲವನ್ನು 5.11 ಎಂದು ಹಾಕುತ್ತಾರೆ. ನಿಜವಾದ ಎತ್ತರ 180.3 ಸೆಂ.ಮೀ.; 5.11 ಅಡಿ ಎಂದರೆ 155.8 ಸೆಂ.ಮೀ. ಮಾತ್ರ. 75 ಕಿಲೋ ತೂಕದವರ ಬಿಎಂಐ 23.1 ಬರಬೇಕಾದಲ್ಲಿ 30.9 ಆಗುತ್ತದೆ. ಸೆಂಟಿಮೀಟರಿನಲ್ಲೇ ನಮೂದಿಸಿ. ಹಳೆಯ ಗುರುತಿನ ಚೀಟಿಯ ಎತ್ತರವನ್ನು ನಂಬದೆ ಹೊಸದಾಗಿ ಅಳೆಯಿರಿ. ಕೆಳಗೆ ಸ್ಕರ್ಟಿಂಗ್ ಪಟ್ಟಿ ಇಲ್ಲದ ಗೋಡೆಗೆ ಹಿಮ್ಮಡಿ, ಪೃಷ್ಠ, ಬೆನ್ನು ತಾಗಿಸಿ, ದೃಷ್ಟಿ ನೇರ ಇಟ್ಟು ನಿಲ್ಲಿ. ಜಡೆ, ತುರುಬು ಬಿಚ್ಚಿ. ಇನ್ನೊಬ್ಬರು ದಪ್ಪ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ ತಲೆಯ ಮೇಲೆ ಇಳಿಸಿ ಪೆನ್ಸಿಲ್ ಗುರುತು ಹಾಕಲಿ. ಬೆಳಿಗ್ಗೆಗೂ ಸಂಜೆಗೂ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಸಹಜ. ಬೆನ್ನು ಬಾಗಿದ ಹಿರಿಯರ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಎತ್ತರ ಕುಗ್ಗಿರುವುದರಿಂದ ಬಿಎಂಐ ಸುಮ್ಮನೆ ಏರಿ ಕಾಣುತ್ತದೆ.

ಇನ್ನು ಬಿಎಂಐ ಗಡಿಯ ಪ್ರಶ್ನೆ. ಯಂತ್ರದ ಗುಣಮಟ್ಟಕ್ಕಿಂತ ಇದು ದೊಡ್ಡದು. 18.5ರಿಂದ 24.9 ‘ಸಾಮಾನ್ಯ’ ಎಂಬ ಅಂತರರಾಷ್ಟ್ರೀಯ ಗಡಿಯನ್ನು ಇಟ್ಟುಕೊಂಡ ಆ್ಯಪ್‌ಗಳು ಬೇಕಾದಷ್ಟಿವೆ. ಭಾರತೀಯರಿಗೆ 2009ರಲ್ಲಿ ಇಲ್ಲಿನ ತಜ್ಞರು ಒಮ್ಮತದಿಂದ ಹಾಕಿದ ಗಡಿ ಬೇರೆ: 22.9ರವರೆಗೆ ಸಾಮಾನ್ಯ, 23ರಿಂದ 24.9 ಅಧಿಕ ತೂಕ, 25 ದಾಟಿದರೆ ಬೊಜ್ಜು. ಕಾರಣ, ನಮ್ಮಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಆ ಕೊಬ್ಬೂ ಹೊಟ್ಟೆಯ ಒಳಗೇ ಕೂರುತ್ತದೆ, ಮಧುಮೇಹ ಬೇಗ ಹತ್ತಿರವಾಗುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಅಳತೆಗಳನ್ನು ಪಕ್ಕಪಕ್ಕ ಇಟ್ಟು ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2.

ಕಿಲೋದಲ್ಲಿ ಹೇಳುವುದಾದರೆ, 158 ಸೆಂ.ಮೀ. ಎತ್ತರದ ಮಹಿಳೆಗೆ 1.58ನ್ನು 1.58ರಿಂದ ಗುಣಿಸಿದರೆ 2.496. ಅದಕ್ಕೆ 18.5 ಗುಣಿಸಿದರೆ 46.2 ಕಿಲೋ, 22.9 ಗುಣಿಸಿದರೆ 57.2 ಕಿಲೋ. ಆ್ಯಪ್ 24.9 ಹಿಡಿದರೆ ಮೇಲಿನ ಗಡಿ 62.2 ಆಗಿಬಿಡುತ್ತದೆ. 61 ಕಿಲೋ ಇರುವವರಿಗೆ ಹಸಿರು ಬಣ್ಣ ತೋರಿಸಿ ಸುಮ್ಮನಿರುವ ಆ್ಯಪ್, ಸಕ್ಕರೆ ಕಾಯಿಲೆಯ ಕುಟುಂಬ ಹಿನ್ನೆಲೆ ಇರುವ ಮನೆಯಲ್ಲಿ ನಿಜಕ್ಕೂ ಹಾನಿ ಮಾಡುತ್ತದೆ. ಕೊಳ್ಳುವ ಮೊದಲು ಆ್ಯಪ್ ಇಳಿಸಿಕೊಂಡು, ಏಷ್ಯನ್ ಗಡಿ (22.9ರದ್ದು) ಆರಿಸುವ ಸೌಲಭ್ಯ ಇದೆಯೇ ನೋಡಿ. ಇಲ್ಲದಿದ್ದರೆ ಅದರ ಬಣ್ಣಗಳಿಗೆ ಬೆಲೆ ಕೊಡಬೇಡಿ.

ಒಂದೇ ಅಂಕಿಯ ‘ಆದರ್ಶ ತೂಕ’ ಕೊಡುವ ಆ್ಯಪ್‌ಗಳು ಹಳೆಯ ಸೂತ್ರಗಳಲ್ಲಿ ಯಾವುದನ್ನೋ ಬಳಸುತ್ತವೆ. ಎತ್ತರದಿಂದ 100 ಕಳೆಯುವ ಬ್ರೋಕಾ ಲೆಕ್ಕದಲ್ಲಿ ಇದೇ ಮಹಿಳೆಗೆ 58 ಕಿಲೋ. 1974ರ ಡಿವೈನ್ ಸೂತ್ರದಲ್ಲಿ 50.6. ಡಿವೈನ್ ಅದನ್ನು ಬರೆದದ್ದು ಜೆಂಟಾಮೈಸಿನ್ ಎಂಬ ಔಷಧದ ಪ್ರಮಾಣ ನಿರ್ಧರಿಸಲು. ಆರೋಗ್ಯದ ಗುರಿ ಹಾಕಿಕೊಳ್ಳಲು ಅಲ್ಲವೇ ಅಲ್ಲ. ಯಾವ ಸೂತ್ರ ಬಳಸಿದ್ದೇವೆ ಎಂದು ತಿಳಿಸದ ಆ್ಯಪಿನ ಆದರ್ಶ ತೂಕವನ್ನು ಬದಿಗಿಡಿ.

ಮೈಕಟ್ಟಿನ ಬಗ್ಗೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯ ಹಳೆಯ ಎತ್ತರ-ತೂಕದ ಪಟ್ಟಿಗಳು ಸಣ್ಣ, ಮಧ್ಯಮ, ದೊಡ್ಡ ಕಟ್ಟು ಎಂದು ವಿಂಗಡಿಸಿದ್ದವು. 1983ರ ಪಟ್ಟಿಯಲ್ಲಿ ಮೊಣಕೈ ಅಗಲ ನೋಡಿ ತೀರ್ಮಾನಿಸುತ್ತಿದ್ದರು. ಮನೆಯಲ್ಲಿ ಸುಲಭವಾದದ್ದು ಮಣಿಕಟ್ಟು. ಬಳೆ, ವಾಚು ತೆಗೆದು, ಮಣಿಕಟ್ಟಿನ ಉಬ್ಬಿದ ಮೂಳೆಯನ್ನು ದಾಟಿ ಅಂಗೈ ಕಡೆಗೆ, ದರ್ಜಿ ಟೇಪನ್ನು ಬಿಗಿಯದೆ ಸುತ್ತಿ. ಎತ್ತರವನ್ನು ಆ ಸುತ್ತಳತೆಯಿಂದ ಭಾಗಿಸಿ. ಗಂಡಸರಿಗೆ 10.4ಕ್ಕಿಂತ ಹೆಚ್ಚು ಬಂದರೆ ಸಣ್ಣ ಕಟ್ಟು, 9.6ಕ್ಕಿಂತ ಕಡಿಮೆ ಬಂದರೆ ದೊಡ್ಡದು. ಹೆಂಗಸರಿಗೆ 11ಕ್ಕಿಂತ ಹೆಚ್ಚು ಸಣ್ಣದು, 10.1ಕ್ಕಿಂತ ಕಡಿಮೆ ದೊಡ್ಡದು. ನಡುವಿನದು ಮಧ್ಯಮ. ಮಣಿಕಟ್ಟು 14 ಸೆಂ.ಮೀ. ಇದ್ದರೆ ನಮ್ಮ 158 ಸೆಂ.ಮೀ. ಮಹಿಳೆಗೆ 11.3, ಸಣ್ಣ ಕಟ್ಟು. ಅರ್ಧ ಸೆಂಟಿಮೀಟರ್ ತಪ್ಪಿ 14.5 ಎಂದುಕೊಂಡರೆ 10.9, ಮಧ್ಯಮ. ಅಷ್ಟು ಸೂಕ್ಷ್ಮ ಇದು. ಹಾಗಾಗಿ ಮೂರು ಸಲ ಅಳೆದು ನಡುವಿನದನ್ನು ಹಿಡಿಯಿರಿ.

ಇದನ್ನು ಬಳಸುವ ರೀತಿ ಹೀಗೆ. 158 ಸೆಂ.ಮೀ. ಎತ್ತರಕ್ಕೆ ಬಂದ 46.2ರಿಂದ 57.2ರವರೆಗಿನ ಹರವನ್ನು ಮೂರು ಪಾಲು ಮಾಡಿ. ಸಣ್ಣ ಕಟ್ಟಿನವರು ಸುಮಾರು 50ರವರೆಗಿನ ಕೆಳಪಾಲನ್ನು, ಮಧ್ಯಮದವರು 50ರಿಂದ 53.5ರವರೆಗಿನದನ್ನು, ದೊಡ್ಡ ಕಟ್ಟಿನವರು ಅದಕ್ಕೂ ಮೇಲಿನದನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ಇದು ಅಂದಾಜು ಮಾತ್ರ. ‘ನಮ್ಮದು ದೊಡ್ಡ ಮೂಳೆ’ ಎಂದು 57ರ ಗಡಿಯನ್ನೇ ದಾಟಲು ಮೈಕಟ್ಟು ಪರವಾನಗಿ ಕೊಡುವುದಿಲ್ಲ. ಹೊಲದಲ್ಲಿ ದುಡಿದು ಸ್ನಾಯು ಗಟ್ಟಿಯಾದವರ, ಕುಸ್ತಿ ಕಲಿತವರ ಮಾತು ಬೇರೆ.

ಕೊಬ್ಬಿನ ಶೇಕಡಾವಾರು ಹೇಳಲು ಯಂತ್ರ ಅಂಗಾಲಿನಿಂದ ಅಂಗಾಲಿಗೆ ನಮಗೆ ಗೊತ್ತೇ ಆಗದಷ್ಟು ಕಡಿಮೆ ವಿದ್ಯುತ್ ಹರಿಸುತ್ತದೆ. ನೀರು ತುಂಬಿದ ಸ್ನಾಯುವಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆ ಹೆಚ್ಚು. ಆ ತಡೆಗೆ ಎತ್ತರ, ತೂಕ, ವಯಸ್ಸು, ಲಿಂಗ ಸೇರಿಸಿ ಸೂತ್ರ ಉತ್ತರ ಕೊಡುತ್ತದೆ. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಕಿಬ್ಬೊಟ್ಟೆಯ ಕೆಳಗೆ ತಿರುಗಿ ಇನ್ನೊಂದು ಕಾಲಿಗೆ ಇಳಿದುಬಿಡುವುದರಿಂದ, ನಮಗೆ ಮುಖ್ಯವಾದ ಹೊಟ್ಟೆಯ ಕೊಬ್ಬನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಹೀಗಿದ್ದೂ ಆ್ಯಪ್ ‘ಒಳಕೊಬ್ಬು 9’ ಎಂದು ಖಚಿತವಾಗಿ ಹೇಳುವುದು ಈ ಉತ್ಪನ್ನಗಳ ದೊಡ್ಡ ಕುಂದು. ತೊಡೆಗಳು ಒಂದಕ್ಕೊಂದು ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಹಿಮ್ಮಡಿ ಒಡೆದು ಚರ್ಮ ದಪ್ಪಗಟ್ಟಿದ್ದರೆ, ಬೆವರಿದ್ದರೆ, ವ್ಯಾಯಾಮ ಮುಗಿಸಿದ ತಕ್ಷಣ ಅಳೆದರೆ ಅಂಕಿ ಜಾರುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ಒರೆಸಿದ ಬರಿಗಾಲಲ್ಲಿ ಅಳೆದು ವಾರದ ಸರಾಸರಿ ನೋಡಿ. ಪೇಸ್‌ಮೇಕರ್ ಇರುವವರು ಇಂಥ ಯಂತ್ರ ಹತ್ತಬಾರದು. ಗರ್ಭಿಣಿಯರೂ ಈ ಅಳತೆಯನ್ನು ಬಿಡಬೇಕು. 18 ವರ್ಷದೊಳಗಿನವರಿಗೆ ಮೇಲಿನ ಯಾವ ಲೆಕ್ಕವೂ ಬೇಡ. ಐದು ವರ್ಷ ದಾಟಿದ ಮಕ್ಕಳಿಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಪಟ್ಟಿಯೇ ಸರಿ.

ಹೊಟ್ಟೆಯ ಕೊಬ್ಬಿಗೆ ದರ್ಜಿ ಟೇಪೇ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆದರೆ ಹೊಟ್ಟೆ ಲೆಕ್ಕಕ್ಕೇ ಬರುವುದಿಲ್ಲ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ, ಬಿಎಂಐ 22 ಇದ್ದರೂ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿ.

ಕೊಳ್ಳುವುದಾದರೆ: ಮನೆಯಲ್ಲಿ ಹಿರಿಯರಿದ್ದರೆ ಅಗಲವಾದ, ತಗ್ಗಿನ, ಜಾರದ ಮೇಲ್ಮೈಯ ಹಲಗೆಯನ್ನು ಆರಿಸಿ, ಒದ್ದೆ ಬಚ್ಚಲಲ್ಲಿ ಗಾಜಿನ ಯಂತ್ರ ಇಡಲೇಬೇಡಿ. ಬಟನ್ ಸೆಲ್ಲಿಗಿಂತ ಪೆನ್ಸಿಲ್ ಸೆಲ್ ಹಾಕುವ ಮಾದರಿ ಅನುಕೂಲ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹಲವರ ಲೆಕ್ಕ ಬೇರೆಬೇರೆ ಇಡಬೇಕು, ವಾರಗಳ ಗೆರೆಚಿತ್ರ ನೋಡಬೇಕು ಎನ್ನುವವರಿಗೆ ಬ್ಲೂಟೂತ್ ಮಾದರಿಗೆ ಹೆಚ್ಚು ಹಣ ಕೊಡುವುದು ಸರಿ. ಉಳಿದವರು ಸಾದಾ ಡಿಜಿಟಲ್ ಯಂತ್ರ ಕೊಂಡು, ಜೊತೆಗೊಂದು ದರ್ಜಿ ಟೇಪ್ ಇಟ್ಟುಕೊಳ್ಳಲಿ. ತೂಕಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ಕೊಬ್ಬಿನ ಏರಿಳಿತ ಗಮನಿಸಲು ಎರಡೂವರೆ, ‘ಆದರ್ಶ ತೂಕ’ದ ಸಾಲಿಗೆ ಒಂದು.