ಹನುಮಂತ ಹಾಡಿದ ವೇದಿಕೆ, ಹನುಮಂತ ಬಾಳಿದ ಮನೆ: ಕನ್ನಡ ರಿಯಾಲಿಟಿ ಷೋಗಳ ವಿಮರ್ಶೆ

ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಅವರನ್ನು ಕನ್ನಡದ ಪ್ರೇಕ್ಷಕರು ಎರಡು ಸಲ, ಎರಡು ಬೇರೆ ಬೇರೆ ಕಟ್ಟುಪಾಡುಗಳೊಳಗೆ ನೋಡಿದ್ದಾರೆ. ಕುರಿ ಕಾಯುತ್ತ ಹಾಡು ಕಲಿತ ಈ ಯುವಕ ಜೀ ಕನ್ನಡದ ಸರಿಗಮಪ 15ನೇ ಆವೃತ್ತಿಯಲ್ಲಿ ಹಾಡಿ ಎರಡನೆಯ ಸ್ಥಾನ ಪಡೆದರು. ಮುಂದೆ ಕಲರ್ಸ್ ಕನ್ನಡದ ಬಿಗ್ ಬಾಸ್ 11ನೇ ಆವೃತ್ತಿಗೆ ವೈಲ್ಡ್ ಕಾರ್ಡ್ ಸ್ಪರ್ಧಿಯಾಗಿ ನಡುವೆ ಸೇರಿಕೊಂಡು, 2025ರ ಜನವರಿಯಲ್ಲಿ ಗೆದ್ದು ಹೊರಬಂದರು. ವ್ಯಕ್ತಿ ಅವರೇ, ಮಾತಿನ ಧಾಟಿಯೂ ಅದೇ. ಆದರೆ ಎರಡು ಕಾರ್ಯಕ್ರಮಗಳು ನಮಗೆ ಕಾಣಿಸಿದ ಹನುಮಂತ ಒಬ್ಬರೇ ಅಲ್ಲ. ರಿಯಾಲಿಟಿ ಷೋ ಎಂಬ ಒಂದೇ ಹೆಸರಿನಡಿ ಎಷ್ಟೊಂದು ಬಗೆಯ ಕಾರ್ಯಕ್ರಮಗಳು ನಮ್ಮ ಮನೆಗೆ ಬರುತ್ತಿವೆ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಬಂದವರಿಗೆ ಮಾಡಲು ಏನು ಕೆಲಸ ಕೊಟ್ಟಿದ್ದಾರೆ ಎಂಬ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಾನು ಇವುಗಳನ್ನು ನೋಡುತ್ತೇನೆ.

ಸರಿಗಮಪದಲ್ಲಿ ಆ ಕೆಲಸ ಸ್ಪಷ್ಟ. ವಾರಕ್ಕೊಂದು ಹಾಡನ್ನು ಒಪ್ಪಿಸಬೇಕು, ತೀರ್ಪುಗಾರರು ಹೇಳಿದ್ದನ್ನು ತಿದ್ದಿಕೊಂಡು ಮುಂದಿನ ವಾರ ಬರಬೇಕು. ಹನುಮಂತ ಅವರ ಜನಪದ ಕಂಠ ಸಿನಿಮಾ ಹಾಡಿನ ತಾಳಕ್ಕೆ ಒಗ್ಗಲು ಪಟ್ಟ ಪಾಡನ್ನು ನಾವು ಕಣ್ಣಾರೆ ನೋಡಿದೆವು, ಮತ್ತು ಮಹಾಗುರುವಿನ ಸ್ಥಾನದಲ್ಲಿದ್ದ ಹಂಸಲೇಖ ಅವರು ಒಂದು ಹಾಡಿನ ಕಟ್ಟಡವನ್ನು ಬಿಡಿಸಿ ಹೇಳಿದಾಗ ಸ್ಪರ್ಧಿಯ ಜೊತೆಗೆ ನಾವೂ ಪಾಠ ಕೇಳಿದೆವು. ಈ ಬಗೆಯ ಕಾರ್ಯಕ್ರಮದ ಮೇಲ್ಪಂಕ್ತಿ ಮಾತ್ರ ಇಂದಿಗೂ ಈಟಿವಿ ಕನ್ನಡದಲ್ಲಿ ಬರುತ್ತಿದ್ದ ‘ಎದೆ ತುಂಬಿ ಹಾಡುವೆನು’ ಎಂದೇ ನನ್ನ ಎಣಿಕೆ. ಅಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರು ಅಂಕ ಕೊಡುವುದಕ್ಕಿಂತ ಹೆಚ್ಚಿನ ಹೊತ್ತನ್ನು ಉಚ್ಚಾರಣೆ, ಉಸಿರು ಹಿಡಿಯುವ ಜಾಗ, ಆ ಹಾಡು ಹುಟ್ಟಿದ ಸಂದರ್ಭ ಇವುಗಳಿಗೆ ಕೊಡುತ್ತಿದ್ದರು. ಸೋತ ಮಗುವೂ ಏನನ್ನಾದರೂ ಕಲಿತುಕೊಂಡೇ ಮನೆಗೆ ಹೋಗುತ್ತಿತ್ತು. ಇಂದಿನ ಹಾಡಿನ ಸ್ಪರ್ಧೆಗಳ ದೊಡ್ಡ ಕೊರತೆಯೆಂದರೆ, ಹಾಡಿಗೆ ಮೊದಲು ತೋರಿಸುವ ಸ್ಪರ್ಧಿಯ ಮನೆಯ ಬಡತನದ ಚಿತ್ರಣ. ಅದು ಕೇಳುಗನ ಕಿವಿಯನ್ನು ಮೊದಲೇ ಕರುಣೆಯಿಂದ ತುಂಬಿಬಿಡುತ್ತದೆ. ಒಳ್ಳೆಯ ಕಂಠಕ್ಕೆ ಆ ನೆರವು ಬೇಕಿಲ್ಲ.

ಬಿಗ್ ಬಾಸ್ ಮನೆಯಲ್ಲಿ ಸ್ಪರ್ಧಿಗೆ ಹೇಳಿಕೊಳ್ಳುವಂಥ ಕಸುಬು ಇಲ್ಲ. ಇರುವುದೇ ಅಲ್ಲಿನ ಕೆಲಸ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಬಿಗ್ ಬ್ರದರ್‌ನ ಈ ಕನ್ನಡ ರೂಪ 2013ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಆರಂಭವಾಯಿತು. ಫೋನ್ ಇಲ್ಲ, ಪತ್ರಿಕೆ ಇಲ್ಲ, ಹೊರಗಿನ ಸುದ್ದಿ ಇಲ್ಲ. ವಾರಕ್ಕೊಮ್ಮೆ ಒಬ್ಬರು ಇನ್ನೊಬ್ಬರನ್ನು ನಾಮಿನೇಟ್ ಮಾಡಲೇಬೇಕು, ಅಂದರೆ ಮನೆಯಿಂದ ಹೊರಹೋಗಬೇಕಾದವರೆಂದು ಹೆಸರಿಸಲೇಬೇಕು, ಅದಕ್ಕೆ ಕಾರಣವನ್ನೂ ಕೊಡಲೇಬೇಕು. ಜಗಳದ ಬೇರು ಇರುವುದು ಈ ಕಾರಣ ಕೊಡುವ ನಿಯಮದಲ್ಲಿ, ಸ್ಪರ್ಧಿಗಳ ಸ್ವಭಾವದಲ್ಲಿ ಅಲ್ಲ. ಯಾವ ಕೂಡು ಕುಟುಂಬದಲ್ಲಾದರೂ ಪ್ರತಿ ವಾರ ಯಾರು ಬೇಡ, ಏಕೆ ಬೇಡ ಎಂದು ಕೇಳಿದರೆ ಮನೆ ಒಡೆಯದೆ ಉಳಿದೀತೇ? 2024ರಲ್ಲಿ ಮನೆಯನ್ನೇ ಸ್ವರ್ಗ, ನರಕ ಎಂದು ಎರಡು ಪಾಲು ಮಾಡಿದಾಗ ರಾಜ್ಯ ಮಹಿಳಾ ಆಯೋಗವೂ ಆಕ್ಷೇಪ ಎತ್ತಿತು. ಆ ಆಕ್ಷೇಪ ಸರಿಯಾದದ್ದು ಎಂದೇ ನಾನು ತಿಳಿಯುತ್ತೇನೆ.

ಆದರೂ ಇದೇ ಮನೆಯಲ್ಲಿ ಹನುಮಂತ ಅವರು ಹಾಡಿನ ವೇದಿಕೆಯಲ್ಲಿ ಎಂದೂ ಕಾಣದಿದ್ದ ಒಂದು ಗುಣವನ್ನು ತೋರಿಸಿದರು. ಉತ್ತರ ಕರ್ನಾಟಕದ ಅವರೂ ಕರಾವಳಿಯ ಧನರಾಜ್ ಆಚಾರ್ ಅವರೂ ‘ದೋಸ್ತ’ ಎಂದು ಪರಸ್ಪರ ಕರೆದುಕೊಳ್ಳುತ್ತ, ಒಬ್ಬರ ಕನ್ನಡವನ್ನು ಇನ್ನೊಬ್ಬರು ಸವಿಯುತ್ತ ಕಟ್ಟಿಕೊಂಡ ಗೆಳೆತನ ಯಾವ ಟಾಸ್ಕಿನಿಂದಲೂ ಹುಟ್ಟಿದ್ದಲ್ಲ. ಅಂಥ ಗೆಳೆತನ ಕಾಣಬೇಕಾದರೆ ದಿನಗಳು ಬೇಕು, ಏನೂ ನಡೆಯದ ಹೊತ್ತೂ ಬೇಕು. ಆ ಸಾವಧಾನ ಈ ಒಂದು ಮಾದರಿಯಲ್ಲಿ ಮಾತ್ರ ಇದೆ ಎಂಬುದನ್ನು ಅದರ ಟೀಕಾಕಾರನಾದ ನಾನೂ ಒಪ್ಪಲೇಬೇಕು. ಇಡೀ ದಿನದ ದೃಶ್ಯಗಳಿಂದ ಆಯ್ದು ರಾತ್ರಿ ತೋರಿಸುವ ಸಂಚಿಕೆಯಲ್ಲಿ ಕೂಗಾಟಕ್ಕೇ ಹೆಚ್ಚು ಜಾಗ ಸಿಗುತ್ತದೆ ಎನ್ನುವುದು ಬೇಸರದ ಸಂಗತಿ.

2010ರ ಆಸುಪಾಸಿನಲ್ಲಿ ಸುವರ್ಣ ವಾಹಿನಿ, ಅಕುಲ್ ಬಾಲಾಜಿ ಅವರ ನಿರೂಪಣೆಯಲ್ಲಿ, ನಮ್ಮದೇ ನೆಲದ ಒಂದು ಮಾದರಿಯನ್ನು ಕಟ್ಟಿತ್ತು. ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ನಗರದ ಯುವತಿಯರನ್ನು ಹಳ್ಳಿಯ ದುಡಿಮೆಗೆ ಇಳಿಸಿತು. ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಹಳ್ಳಿ ಮತ್ತು ಕಾಡಂಚಿನ ಯುವಕರನ್ನು ಬೆಂಗಳೂರಿಗೆ ತಂದಿತು. ಮೊದಲನೆಯದರ ಬಗ್ಗೆ ನನಗೆ ಇಂದಿಗೂ ಮೆಚ್ಚುಗೆಯಿದೆ, ಏಕೆಂದರೆ ಹಾಲು ಕರೆಯುವುದೂ ಸೌದೆ ಹೊರುವುದೂ ನಿಜವಾದ ಕೆಲಸ, ಅದರಲ್ಲಿ ಹಳ್ಳಿಯವರೇ ಗುರುಗಳು. ಎರಡನೆಯದರಲ್ಲಿ ತಕ್ಕಡಿ ವಾಲಿತು. ನಗರದ ನಡೆನುಡಿಯನ್ನೇ ಕಲಿಕೆ ಎಂದು ಕರೆದು, ಆ ಯುವಕರ ತಬ್ಬಿಬ್ಬನ್ನು ನಗೆಗೆ ಬಳಸಿದ್ದು ನನಗೆ ಅಂದೂ ಹಿತವೆನಿಸಲಿಲ್ಲ, ಇಂದೂ ಇಲ್ಲ.

2014ರಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಮೊದಲ ಅತಿಥಿಯಾಗಿಸಿಕೊಂಡು ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಬೇರೆಯೇ ಜಾತಿಯದು. ಸಾಧಕರ ಕೆಂಪು ಕುರ್ಚಿಯಲ್ಲಿ ಕುಳಿತವರ ಮುಂದೆ ಹಳೆಯ ಮೇಷ್ಟ್ರು, ಬಾಲ್ಯದ ಗೆಳೆಯರು ಒಬ್ಬೊಬ್ಬರಾಗಿ ಬರುತ್ತಾರೆ. ಅಮೆರಿಕದಲ್ಲಿ 1948ರಲ್ಲಿ ರೇಡಿಯೊದಲ್ಲಿ ಶುರುವಾದ ‘ದಿಸ್ ಈಸ್ ಯುವರ್ ಲೈಫ್’ ಇದೇ ಬಗೆಯದು. ರಮೇಶ್ ಅರವಿಂದ್ ಅವರು ಕೇಳಿಸಿಕೊಳ್ಳುವ ರೀತಿಯೇ ಇದರ ಬಲ. ಹೊಗಳಿಕೆಯಾಚೆಗೆ ಒಂದು ಕಷ್ಟದ ಪ್ರಶ್ನೆಯನ್ನೂ ಕೇಳದಿರುವುದು ಇದರ ಮಿತಿ.

ಮಕ್ಕಳ ಕಾರ್ಯಕ್ರಮಗಳ ಪೈಕಿ 2016ರಲ್ಲಿ ಬಂದ ‘ಡ್ರಾಮಾ ಜೂನಿಯರ್ಸ್’ ಅನ್ನು ನಾನು ಸಂತೋಷದಿಂದ ಶಿಫಾರಸು ಮಾಡುತ್ತೇನೆ, ಏಕೆಂದರೆ ಅಲ್ಲಿ ಮಕ್ಕಳು ಕನ್ನಡದ ದೊಡ್ಡ ವಾಕ್ಯಗಳನ್ನು ಬಾಯಿಪಾಠ ಮಾಡಿ, ಅರ್ಥ ತಿಳಿದು ಆಡುತ್ತಾರೆ. ಆದರೆ ಮಗುವನ್ನು ಆಡಿಷನ್‌ಗೆ ಕರೆದೊಯ್ಯುವ ಹೆತ್ತವರು ಕಾನೂನನ್ನೂ ತಿಳಿದಿರಬೇಕು. ಬಾಲಕಾರ್ಮಿಕ ಕಾಯ್ದೆಯಡಿಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನಗಳ ಮೇಲೆ ಕೆಲಸ ಮಾಡಿಸುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ 20 ಪ್ರತಿಶತ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ನಾಲ್ಕನ್ನೂ ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.